ಏಕಾದಶಿಯ ದಿನ ಬರುತ್ತಿದ್ದ ಅಕ್ಕ

ಅಮೆರಿಕದ ಮಿಲ್ಪಿಟಾಸ್‌ನ ನಮ್ಮ ಟೌನ್‌ಹೌಸಿಗೂ ಪಕ್ಕದ ಅಕ್ಕನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಈಚೆ ಬದಿಗೆ ನಮ್ಮ ದೇವರ ಮಂಟಪ, ಆಚೆ ಬದಿಗೆ ಅವರ ಅಡುಗೆಮನೆ. ಬೆಳಿಗ್ಗೆ ನಾನು ಆರತಿಯ ಗಂಟೆ ಬಾರಿಸಿ ನಿಲ್ಲಿಸುವುದೇ ತಡ, ಆಚೆ ನಲ್ಲಿ ತಿರುಗಿಸಿದ ಸದ್ದು, ಪಾತ್ರೆ ಒಲೆಗಿಟ್ಟ ಸದ್ದು ಕೇಳುತ್ತಿತ್ತು.

"ನಿಮ್ಮ ಗಂಟೆ ಕೇಳಿದ ಮೇಲೆಯೇ ನಾನು ಕಾಫಿಗೆ ನೀರಿಡುದು. ನಿಮ್ಮ ದೇವರಿಗೂ ನನಗೂ ಒಟ್ಟಿಗೇ ಬೆಳಗಾಗ್ತದೆ" ಎನ್ನುತ್ತಿದ್ದರು.

ಒಮ್ಮೆ ಜ್ವರ ಬಂದು ನಾನು ಏಳಲಿಲ್ಲ. ಫೋನು ಬಂತು. "ಎಂತ, ದೇವರಿಗೆ ಇವತ್ತು ರಜೆಯಾ?" ನನ್ನ ಧ್ವನಿ ಕೇಳಿ ಮುಂದೆ ಏನೂ ಮಾತಾಡದೆ ಇಟ್ಟರು. ಸ್ವಲ್ಪ ಹೊತ್ತಿಗೆ ಗಂಜಿಯ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದರು.

ಕಳೆದ ಮಾಘ ಮಾಸದಲ್ಲಿ ಅವರು ತೀರಿಹೋದರು. ಆ ಮನೆಗೆ ಬೇರೆಯವರು ಬಂದಿದ್ದಾರೆ, ಒಳ್ಳೆಯ ಜನ, ಅವರ ಮಗು ಪಿಯಾನೊ ಕಲಿಯುತ್ತಿದೆ. ಆದರೂ ಗಂಟೆ ಕೆಳಗಿಟ್ಟ ಮೇಲೆ ನನ್ನ ಕಿವಿ ಇನ್ನೂ ಆ ನಲ್ಲಿಯ ಸದ್ದಿಗೆ ಕಾಯುತ್ತದೆ. ಕಾಯುವುದು ನಿಂತುಹೋಗುವ ಮುಂಚೆ ಅವರ ವಿಷಯ ಬರೆದಿಡಬೇಕೆನಿಸಿತು. ಹೆಸರು ಬರೆಯುವುದಿಲ್ಲ. ಹತ್ತು ಜನರ ಬಾಯಲ್ಲಿ ತಮ್ಮ ಹೆಸರು ಓಡಾಡುವುದು ಅವರಿಗೆ ಇಷ್ಟವಿರಲಿಲ್ಲ. ಅಕ್ಕ ಎಂದರೆ ಸಾಕು. ಇಲ್ಲಿಯ ನಮ್ಮವರೆಲ್ಲ ಕರೆಯುತ್ತಿದ್ದುದೂ ಹಾಗೆಯೇ.

ಅಕ್ಕ ಉಡುಪಿ ಕಡೆಯವರು. ಮದುವೆಯಾಗಿರಲಿಲ್ಲ. ಅಣ್ಣನ ಸಂಸಾರಕ್ಕೆ ಕೈಯಾಸರೆಯಾಗಲೆಂದು ಇಲ್ಲಿಗೆ ಬಂದು, ಅಣ್ಣನ ಮಕ್ಕಳನ್ನು ಬೆಳೆಸಿ, ಅದರ ನಡುವೆಯೇ ಓದಿಕೊಂಡು ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸಕ್ಕೆ ಸೇರಿದವರು. ಮಕ್ಕಳು ದೊಡ್ಡವರಾದ ಮೇಲೆ ಅಣ್ಣನ ಮನೆಯವರು ಟೆಕ್ಸಾಸಿಗೆ ಹೋದರು. ಅಕ್ಕ ಇಲ್ಲೇ ಉಳಿದರು. ನಾವು ಪಕ್ಕದ ಮನೆಗೆ ಬಂದಾಗ ಅವರು ನಿವೃತ್ತರಾಗಿ ಸ್ವಲ್ಪ ಕಾಲವಾಗಿತ್ತು.

ಕೆಲಸ ಬಿಟ್ಟರೂ ಕೆಲಸದ ಚಾಳಿ ಬಿಟ್ಟಿರಲಿಲ್ಲ. ಯಾರನ್ನೇ ಮಾತಾಡಿಸಲಿ, ಅವರ ಕಣ್ಣು ಮೊದಲು ಹೋಗುತ್ತಿದ್ದುದು ಎದುರಿನವರ ಮೊಣಕೈಯ ಒಳಬದಿಗೆ. ನನ್ನನ್ನು ಮೊದಲ ಸಲ ಕಂಡಾಗ ಕೈ ಹಿಡಿದು ಹೆಬ್ಬೆರಳಿನಿಂದ ಒತ್ತಿ ನೋಡಿ, "ಲಾಯ್ಕುಂಟು ನಿಮ್ಮ ನರ. ಕಣ್ಣು ಮುಚ್ಚಿಯೂ ತೆಗಿಬಹುದು" ಎಂದರು. ಬೇರೆಯವರು ಸೀರೆಯನ್ನೋ ಓಲೆಯನ್ನೋ ಹೊಗಳುವ ಹಾಗೆ ಅಕ್ಕ ನರ ಹೊಗಳುತ್ತಿದ್ದರು. "ನನ್ನದು ಎಡಗೈ ಮಾತ್ರ ಒಳ್ಳೇದು. ಬಲಗೈಯಲ್ಲಿ ಯಾರಿಗೂ ಸಿಗುದಿಲ್ಲ, ಹುಡುಕಿ ಹುಡುಕಿ ಚುಚ್ಚಿ ಸಾಯಿಸ್ತಾರೆ" ಎಂದು ತಮ್ಮ ಕೈಗಳನ್ನೂ ತೋರಿಸಿದ್ದರು.

ನಮ್ಮ ಅತ್ತೆಯವರಿಂದ ನನಗೆ ಬಂದ ಒಂದು ನಿಯಮವಿದೆ. ಏಕಾದಶಿಯ ದಿನ ಸ್ನಾನವಾದ ಮೇಲೆ ಸಂಜೆ ದೀಪ ಹಚ್ಚುವ ತನಕ ನಾನು ಮಾತಾಡುವುದಿಲ್ಲ. ಉಪವಾಸವಾದರೂ ಆದೀತು, ಬಾಯಿ ಮುಚ್ಚಿಕೊಂಡಿರುವುದೇ ಕಷ್ಟ. ಹಿರಿಯರು ತಿಂಗಳಿಗೆ ಎರಡೇ ಏಕಾದಶಿ ಯಾಕೆ ಇಟ್ಟರೋ ಎಂದು ನಮ್ಮ ಯಜಮಾನರು ಬಂದವರೆದುರೆಲ್ಲ ಕೊರಗುತ್ತಾರೆ.

ಅಂಥ ಒಂದು ದಿನ ಅಕ್ಕ ಕರಿಬೇವು ಕೇಳಿಕೊಂಡು ಬಂದರು. ನಾನು ಬಾಯಿಯ ಮೇಲೆ ಕೈಯಿಟ್ಟು ತಲೆಯಾಡಿಸಿದೆ. ಆಸ್ಪತ್ರೆಯಲ್ಲಿ ದುಡಿದವರಿಗೆ ಅದು ಬೇರೆಯದೇ ಆಗಿ ಕಂಡಿತು.

"ಬಾಯಿ ತೆಗೀರಿ ನೋಡುವ" ಎಂದವರೇ ಫೋನಿನ ಟಾರ್ಚು ಹಾಕಿದರು. ನಾನು ಬೇಡವೆಂದು ಕೈಯಾಡಿಸಿದಷ್ಟೂ ಅವರು ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. "ಗಂಟಲು ಕೆಂಪಾಗ್ಲಿಲ್ಲ. ಹಲ್ಲಾ? ಅಲ್ಲವಾ? ಮತ್ತೆಂತ, ಯಜಮಾನರ ಹತ್ರ ಜಗಳವಾ?"

ಕೊನೆಗೆ ನಾನೇ ಅವರ ಕೈ ಹಿಡಿದು ಎಳೆದುಕೊಂಡು ಹೋಗಿ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿಯೆಂದು ಬರೆದ ಚೌಕದ ಮೇಲೆ ಬೆರಳಿಟ್ಟೆ. ಅಕ್ಕ ಈಚೆ ಬಂದು ಸೋಫಾದ ಮೇಲೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ನಿಂತ ಮೇಲೆ ಏಳಲಿಲ್ಲ. ನಾನು ಹೂಬತ್ತಿ ಹೊಸೆಯುತ್ತ ಎದುರಿಗೆ ಕೂತೆ. ಸ್ವಲ್ಪ ಹೊತ್ತು ಬತ್ತಿ ನೋಡುತ್ತಿದ್ದವರು ತಮ್ಮ ತಾಯಿಯ ವಿಷಯ ಹೇಳತೊಡಗಿದರು. ತಾಯಿ ಹೋದ ಸುದ್ದಿ ಬಂದಾಗ ಅವರು ಡ್ಯೂಟಿಯಲ್ಲಿದ್ದರಂತೆ. ಕೈಯಲ್ಲಿದ್ದ ಸೂಜಿ ಕೆಳಗಿಡದೆ, ಸಾಲಿನಲ್ಲಿದ್ದವರ ರಕ್ತವನ್ನೆಲ್ಲ ತೆಗೆದು ಮುಗಿಸಿ, ಆಮೇಲೆ ಬಾತ್‌ರೂಮಿಗೆ ಹೋಗಿ ಅತ್ತರಂತೆ.

ನನಗೆ ಏನಾದರೂ ಹೇಳಬೇಕೆಂದು ನಾಲಿಗೆ ತುರಿಸಿತು. ನಿಯಮ ನೆನೆದು ಇನ್ನೊಂದು ಬತ್ತಿ ಹೊಸೆದೆ.

ಅಲ್ಲಿಂದ ಮುಂದೆ ಅಕ್ಕ ಪಂಚಾಂಗ ನೋಡಿಕೊಂಡೇ ಬರತೊಡಗಿದರು. ಉಳಿದ ದಿನ ಬಾಗಿಲಲ್ಲೇ ನಿಂತು ಎರಡು ಮಾತಾಡಿ ಹೋಗುತ್ತಿದ್ದವರು ಏಕಾದಶಿಯ ಮಧ್ಯಾಹ್ನ ಒಳಗೆ ಬಂದು ಕೂರುತ್ತಿದ್ದರು. "ನಿಮ್ಮ ಹತ್ರ ಹೇಳಿದ್ರೆ ನೀವು ಸಮಾಧಾನ ಹೇಳುದಿಲ್ಲ. ಅದೇ ದೊಡ್ಡ ಸಮಾಧಾನ ಮಾರಾಯ್ರೆ" ಎಂದಿದ್ದರು. ಅಂದು ಹೇಳಿದ್ದನ್ನು ಮಾರನೆಯ ದಿನ ಅವರು ಎತ್ತುತ್ತಿರಲಿಲ್ಲ, ನಾನೂ ಕೆದಕುತ್ತಿರಲಿಲ್ಲ. ಹಾಗಂತ ಇಬ್ಬರೂ ಯಾವತ್ತೂ ಮಾತಾಡಿಕೊಂಡವರಲ್ಲ.

ನಮ್ಮ ಊರಿನ ಲೈಬ್ರರಿಯಲ್ಲಿ ಬುಧವಾರ ಮಧ್ಯಾಹ್ನ ಬೇರೆ ಬೇರೆ ದೇಶದ ಸಿನಿಮಾ ತೋರಿಸುತ್ತಿದ್ದರು. ಅದನ್ನು ನಡೆಸುತ್ತಿದ್ದವರು ಒಬ್ಬ ಅಮೆರಿಕನ್ ಹಿರಿಯರು. ಬಿಳಿ ಗಡ್ಡ, ಮೊಣಕೈಗೆ ತೇಪೆ ಹಾಕಿದ ಸ್ವೆಟರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಹೃದಯದ ತೊಂದರೆಯಿಂದ ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರಾದ್ದರಿಂದ ಅವರು ಮೇಲಿಂದ ಮೇಲೆ ರಕ್ತ ಪರೀಕ್ಷೆ ಮಾಡಿಸಬೇಕಿತ್ತು. ಹಾಗಾಗಿ ವರ್ಷಗಟ್ಟಲೆ ಅವರ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿದವರು ಅಕ್ಕ. ನಿವೃತ್ತಿಯಾದ ಮೇಲೆ ಲೈಬ್ರರಿಯಲ್ಲಿ ಮತ್ತೆ ಕಂಡರು. ಅಕ್ಕ ಬುಧವಾರ ಬೇಗ ಹೋಗಿ ಕುರ್ಚಿ ಜೋಡಿಸುತ್ತಿದ್ದರು, ಅವರು ಫ್ಲಾಸ್ಕಿನಲ್ಲಿ ಕಾಫಿ ತರುತ್ತಿದ್ದರು. ಸಿನಿಮಾ ಮುಗಿದ ಮೇಲೆ ಇಬ್ಬರೂ ಸೇರಿ ಕುರ್ಚಿ ಮಡಿಸಿಡುತ್ತಿದ್ದರು. ಬೇರೇನೂ ಇರಲಿಲ್ಲ.

ಊರಿನವರನ್ನೆಲ್ಲ ಹೆಸರು ಹಿಡಿದೇ ಹೇಳುತ್ತಿದ್ದ ಅಕ್ಕ ಆ ಒಬ್ಬರನ್ನು ಮಾತ್ರ "ಅವರು" ಎನ್ನುತ್ತಿದ್ದರು. ಅವರು ಈ ಸಲ ಜಪಾನಿನದ್ದು ತಂದಿದ್ದಾರೆ, ಅವರಿಗೆ ಕೆಮ್ಮು, ಹೀಗೆ. ನಮ್ಮ ಕಡೆ ಹೆಂಗಸರು ಯಾರನ್ನು ಹಾಗೆ ಹೇಳುತ್ತಾರೆಂಬುದು ನನಗೆ ಗೊತ್ತಿತ್ತು. ಕೇಳಲಿಲ್ಲ.

ಒಂದು ಮಂಗಳವಾರ ಸಂಜೆ ಅಕ್ಕ ಬಾಗಿಲಿಗೆ ಬಂದರು. "ನಾಳೆ ಏಕಾದಶಿ. ನೀವು ಮಾತಾಡುದಿಲ್ಲ. ನಾಳೆಯ ಸಿನಿಮಾದಲ್ಲಿಯೂ ಯಾರೂ ಮಾತಾಡುದಿಲ್ಲವಂತೆ, ಡಚ್ಚರದ್ದು. ಬನ್ನಿ, ನಿಮಗೇ ಹೇಳಿ ಮಾಡಿಸಿದ ಹಾಗುಂಟು."

ಮಗಳು ಫೋನಿನಿಂದ ತಲೆಯೆತ್ತಿದಳು. "ಅಮ್ಮಾ, ದಟ್ಸ್ ಆರ್ಟ್ ಹೌಸ್. ಯು ವಿಲ್ ಫಾಲ್ ಅಸ್ಲೀಪ್."

"ಉಪವಾಸದಲ್ಲಿ ನಿದ್ದೆ ಬಂದರೆ ಒಳ್ಳೇದೇ ಬಿಡು" ಎಂದೆ ನಾನು.

ನಿದ್ದೆ ಬರಲಿಲ್ಲ. ಸಬ್‌ಟೈಟಲಿನ ಹಿಂದೆ ಓಡುವುದರಲ್ಲೇ ನನಗೆ ಇಂಗ್ಲಿಷ್ ಸಿನಿಮಾ ಮುಗಿದುಹೋಗುತ್ತದೆ. ಇದರಲ್ಲಿ ಓದುವುದಕ್ಕೆ ಏನೂ ಇರಲಿಲ್ಲ. ಆ ಕೋಣೆಯಲ್ಲಿದ್ದ ದೊಡ್ಡ ದೊಡ್ಡ ಓದಿನವರಿಗೆ ಎಷ್ಟು ತಿಳಿಯಿತೋ ನನಗೂ ಅಷ್ಟೇ ತಿಳಿಯಿತು. ಅದನ್ನೂ ದೇವರು ಮಾಡಿದ ಒಂದು ಸಣ್ಣ ಉಪಕಾರವೆಂದೇ ಎಣಿಸಿದೆ.

ಕಣ್ಣು ಹಾಯುವವರೆಗೂ ಚಪ್ಪಟೆ ನೆಲ, ನಡುವೆ ಒಂದು ಕಾಲುವೆ, ಕಾಲುವೆಯ ಮೇಲೆ ಮೇಲಕ್ಕೆತ್ತುವ ಒಂದು ಸೇತುವೆ. ಅದರ ಪಕ್ಕದ ಒಂಟಿ ಮನೆಯಲ್ಲಿ ಸೇತುವೆ ಕಾಯುವ ಹೆಂಗಸು. ಚಿಕ್ಕವಳಲ್ಲ, ನರೆ ಬಂದಿದೆ. ದೋಣಿ ಬಂದರೆ ಸರಪಳಿ ಎಳೆದು ಸೇತುವೆ ಎತ್ತುತ್ತಾಳೆ. ಗಾಳದ ಕೋಲಿಗೆ ಕಟ್ಟಿದ, ಬೂಟಿನ ಹಾಗೆ ಮುಚ್ಚಿದ ಮರದ ಚಪ್ಪಲಿಯನ್ನು ದೋಣಿಯವನ ಮುಂದೆ ಇಳಿಬಿಡುತ್ತಾಳೆ. ಅವನು ಅದರೊಳಗೆ ಕಾಸು ಹಾಕಿ ಮುಂದೆ ಹೋಗುತ್ತಾನೆ. ಹೋದ ಮೇಲೆ ಗಾಳಿ, ನೀರು, ಸರಪಳಿಯ ಕಿರುಗುಟ್ಟುವಿಕೆ. ಒಂದು ತಟ್ಟೆ, ಒಂದು ಲೋಟ. ಅವಳು ಬ್ರೆಡ್ಡು ಕುಯ್ಯುವ ಸದ್ದೇ ಮನೆತುಂಬ.

ವಾರಕ್ಕೊಮ್ಮೆ ಬರುವ ಒಬ್ಬ ದೋಣಿಯವನಿಗಾಗಿ ಅವಳು ಚಪ್ಪಲಿಯೊಳಗೆ ಒಂದು ಸೇಬು ಇಟ್ಟು ಇಳಿಸುತ್ತಾಳೆ. ಅವನು ಸೇಬು ತೆಗೆದುಕೊಂಡು ಮೇಲೆ ನೋಡುತ್ತಾನೆ. ಇನ್ನೊಮ್ಮೆ ಮಳೆಯಲ್ಲಿ ನಿಂತು, ಒಣಗಲೆಂದು ತನ್ನ ಕೋಟನ್ನು ಅವಳ ಬೇಲಿಯ ಮೇಲೆ ಹಾಕಿ ಮರೆತು ಹೋಗುತ್ತಾನೆ. ಅವಳು ಅದನ್ನು ಒಳಗೆ ತರುತ್ತಾಳೆ. ಒಲೆಯ ಮುಂದೆ ಸ್ನಾನ ಮಾಡಿ, ತನ್ನ ತೋಳನ್ನು ಬೇರೆ ಯಾರದೋ ತೋಳೆಂಬಂತೆ ನೋಡಿಕೊಳ್ಳುತ್ತಾಳೆ. ಆ ಕೋಟನ್ನು ಹಾಸಿಗೆಯಲ್ಲಿ ಪಕ್ಕಕ್ಕೆ ಹಾಸಿ ಅದರ ತೋಳಿನ ಮೇಲೆ ತಲೆಯಿಡುತ್ತಾಳೆ. ಅಲ್ಲಿ ನಾನು ಕಣ್ಣು ಮುಚ್ಚಿ ಮನಸ್ಸಿನಲ್ಲೇ ವಿಷ್ಣುಸಹಸ್ರನಾಮ ಶುರುಮಾಡಿದೆ. ನಡುವೆ ಒಮ್ಮೆ ಓರೆಗಣ್ಣಲ್ಲಿ ನೋಡಿದರೆ ಅಕ್ಕ ಕಣ್ಣು ಮುಚ್ಚಿರಲಿಲ್ಲ. ತಮ್ಮ ಎಡಗೈಯನ್ನು ಬಲಗೈಯಿಂದ ಹಿಡಿದುಕೊಂಡು ಕೂತಿದ್ದರು.

ಕೊನೆಯಲ್ಲಿ ಅವನ ದೋಣಿ ಮನೆಯ ಸಾಮಾನೆಲ್ಲ ತುಂಬಿಕೊಂಡು ಬರುತ್ತದೆ. ಮೇಜು, ಮಂಚ, ಕಟ್ಟಿಹಾಕಿದ ಗಂಟು. ಇನ್ನು ಈ ದಾರಿಗೆ ಬರುವವನಲ್ಲ ಎಂದು ನೋಡಿದರೇ ತಿಳಿಯುತ್ತದೆ. ಅವಳು ಸರಪಳಿ ಹಿಡಿಯುತ್ತಾಳೆ. ಹಿಡಿದವಳು ಕೈ ಬಿಡುತ್ತಾಳೆ. ಸೇತುವೆ ಎತ್ತುವುದಿಲ್ಲ. ದೋಣಿ ಸೇತುವೆಯ ಮುಂದೆ ಬಂದು ನಿಲ್ಲುತ್ತದೆ. ಅವನು ತಲೆಯೆತ್ತಿ ನೋಡುತ್ತಾನೆ, ಅವಳು ಕೆಳಗೆ ನೋಡುತ್ತಾಳೆ. ಅಷ್ಟಕ್ಕೆ ಮುಗಿಯಿತು.

ದೀಪ ಹಾಕಿದರು. ಆ ಹಿರಿಯರು ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. ತಾವು ಮನೆ ಮಾರಿ ಗಿಲ್‌ರಾಯ್‌ನಲ್ಲಿರುವ ಮಗಳ ಮನೆಗೆ ಹೋಗುತ್ತಿರುವುದಾಗಿಯೂ, ತಾವು ತೋರಿಸುವ ಕೊನೆಯ ಸಿನಿಮಾ ಇದೇ ಎಂದೂ, ಮುಂದಿನ ವಾರದಿಂದ ಲೈಬ್ರರಿಯವರೇ ತೋರಿಸುತ್ತಾರೆಂದೂ ಹೇಳಿ ಎಲ್ಲರಿಗೂ ಥ್ಯಾಂಕ್ಸ್ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ಅಕ್ಕ ತಟ್ಟಲಿಲ್ಲ. ಪಕ್ಕದ ಖಾಲಿ ಕುರ್ಚಿಯನ್ನು ಮಡಿಸಿ, ಏನೋ ನೆನಪಾದವರಂತೆ ಮತ್ತೆ ಬಿಡಿಸಿಟ್ಟು, ನನ್ನ ಕೈ ಹಿಡಿದು ಹೊರಗೆ ನಡೆದುಬಿಟ್ಟರು. ಆ ಬುಧವಾರ ಕುರ್ಚಿ ಮಡಿಸಿಡಲು ಅವರು ನಿಲ್ಲಲಿಲ್ಲ.

ಕಾರು ನೆರಳಿನಲ್ಲಿತ್ತು. ಅಕ್ಕನದು ಹಳೆಯ ಕಾರು, ಕೀ ತೂರಿಸಿ ತಿರುಗಿಸುವಂಥದು. ಕೀ ತೂರಿಸಿದರು. ತಿರುಗಿಸಲಿಲ್ಲ. ಸ್ಟೀರಿಂಗ್ ಮೇಲೆ ಎರಡೂ ಕೈಯಿಟ್ಟುಕೊಂಡು ಎದುರಿನ ಗೋಡೆ ನೋಡುತ್ತ ಹೇಳಿದರು.

"ದಿನಾ ಎಷ್ಟೋ ಜನರ ಕೈ ಹಿಡಿದದ್ದು ನಾನು. ಸಣ್ಣ ಮಕ್ಕಳದ್ದು, ಸಾಯುವವರದ್ದು. ನನ್ನ ಕೈ ಯಾರೂ ಹಿಡೀಲಿಲ್ಲ. ಅದನ್ನು ದುಃಖ ಅಂತ ಸಹ ನಾನು ಎಣಿಸಿರ್ಲಿಲ್ಲ. ನನ್ನ ಪಾಡಿಗೆ ನಾನಿದ್ದೆ."

ಸ್ಟೀರಿಂಗ್ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿದರು.

"ಅವರ ಕೈ ಹಿಡಿದಾಗ ಮಾತ್ರ ಪಟ್ಟಿ ಬಿಚ್ಚುದು ತಡ ಆಗ್ತಿತ್ತು. ಬೇಕೂಂತಲೇ ತಡ ಮಾಡ್ತಿದ್ದೆ. ಈಗ ಅವರು ಹೋಗ್ತಾರೆ. ಹೋಗಿ ಬನ್ನಿ ಅಂತ ಕೂಡ ಹೇಳ್ಳಿಕ್ಕೆ ಆಗ್ಲಿಲ್ಲ ನನಗೆ. ಹೇಳಿದ್ರೆ ಅಲ್ಲಿಗೆ ಮುಗೀತಲ್ಲ."

ನಾನು ಅವರ ಕಡೆ ತಿರುಗಿದೆ. ಅಕ್ಕ ನನ್ನ ಕಡೆ ನೋಡಲಿಲ್ಲ.

"ಈ ವಯಸ್ಸಿನಲ್ಲಿ ನಾನು ಒಳಗೆ ಹೋಗಿ ಎಂತಾದರೂ ಹೇಳಿದ್ರೆ ತಪ್ಪಾ? ನೀವು ದೇವರು ದಿಂಡರು ಅಂತ ನಡೆಯುವವರು. ತಪ್ಪು ಅಂತಾದ್ರೆ ಬಾಯಿ ಬಿಡುದು ಬೇಡ, ತಲೆ ಅಲ್ಲಾಡ್ಸಿ ಸಾಕು. ಕಾರು ಸ್ಟಾರ್ಟ್ ಮಾಡಿ ಮನೆಗೆ ಹೋಗುವ. ಮತ್ತೆ ನಾನು ಈ ವಿಷಯ ಎತ್ತುದಿಲ್ಲ."

ಅಷ್ಟು ಏಕಾದಶಿಗಳಲ್ಲಿ ಅಕ್ಕ ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು. ಮಾತಾಡಿಬಿಡಲೇ ಎನಿಸಿತು. ಮಾತಾಡಿದರೆ ಏನು ಹೇಳುತ್ತೇನೋ ಎಂಬ ಹೆದರಿಕೆಯೂ ಆಯಿತು, ಯಾಕೆಂದರೆ ನನ್ನ ಬಾಯಿಗೆ ಮೊದಲು ಬರುವುದು ಜನ ಏನಂದುಕೊಳ್ಳುತ್ತಾರೆ ಎಂಬ ಮಾತೇ. ಕಣ್ಣು ಮುಚ್ಚಿ ಕೃಷ್ಣನನ್ನು ನೆನೆದೆ. ಯಾರ ಮನೆಯನ್ನೂ ಒಡೆಯದ, ಯಾರ ಪಾಲನ್ನೂ ಕಸಿಯದ ಆಸೆ ಅದು. ನಾನು ದಿನವೂ ಗಂಟೆ ಬಾರಿಸಿ ಎಬ್ಬಿಸುವ ದೇವರು ಅದಕ್ಕೆ ಮುನಿಯುವವನೆಂದು ನನಗೆ ಅನಿಸಲಿಲ್ಲ.

ಕೈ ಚಾಚಿ ಕಾರಿನ ಕೀ ಕಿತ್ತುಕೊಂಡೆ. ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿ ಕಿಟಕಿಯ ಕಡೆ ತಿರುಗಿ ಕೂತುಬಿಟ್ಟೆ.

ಅಕ್ಕ ಮೊದಲು ನನ್ನ ಸೊಂಟ ನೋಡಿದರು. ಆಮೇಲೆ ನನ್ನ ಮುಖ. "ಅಯ್ಯೋ ಮಾರಾಯ್ತಿ, ನೀವೂ ಸೇತುವೆ ಎತ್ತುದಿಲ್ಲವಾ?" ಎಂದರು. ಕನ್ನಡಿ ಬಗ್ಗಿಸಿ ಕೂದಲು ಸರಿಮಾಡಿಕೊಂಡು ಇಳಿದು ಹೋದರು.

ಅವರು ಬರುವವರೆಗೆ ನಾನು ನಿಲ್ಲಿಸಿದ್ದ ಸಹಸ್ರನಾಮವನ್ನು ಮುಂದುವರಿಸಿದೆ. ಸಿನಿಮಾಕ್ಕೆ ಬಂದವರೆಲ್ಲ ಕಾರು ತೆಗೆದು ಹೊರಟುಹೋದರು. ನಾಮಗಳು ಮುಗಿದು ಫಲಶ್ರುತಿಗೆ ಬರುವಾಗ ಅಕ್ಕ ಬಂದು ಬಾಗಿಲು ತೆರೆದು ಕೂತರು.

"ಕೀ ಕೊಡಿ."

ಗಂಟು ಬಿಚ್ಚಿ ಕೊಟ್ಟೆ. ನನ್ನ ಮುಖದ ಮೇಲಿದ್ದ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಕಾಯಿಸಿಯೇ ಹೇಳಿದರು.

"ಏನೇನೋ ಹೇಳ್ಬೇಕು ಅಂತ ಹೋದದ್ದು. ಬಾಯಿಗೆ ಬಂದದ್ದು ಒಂದೇ. ಬುಧವಾರ ನನ್ನ ಜೊತೆ ಕುರ್ಚಿ ಯಾರು ಮಡಚುದು ಅಂತ ಕೇಳಿದೆ. ಅವರು ಸುಮಾರು ಹೊತ್ತು ನೆಲ ನೋಡಿದ್ರು. ಮತ್ತೆ, ನಾನೇ ಬರ್ತೇನೆ ಅಂದ್ರು. ಗಿಲ್‌ರಾಯ್‌ನಿಂದ ಅಷ್ಟು ದೂರ ಗಾಡಿ ಓಡಿಸ್ಲಿಕ್ಕೆ ಆಗ್ತದಾ ಅಂತ ಕೇಳಿದ್ದಕ್ಕೆ, ನೀವೇ ನೋಡಿ ಅಂತ ಕೈ ಮುಂದೆ ಮಾಡಿದ್ರು." ಅಕ್ಕ ತಮ್ಮ ಎಡಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟು ನೋಡಿಕೊಂಡರು. "ನಾನು ರೂಢಿಯಲ್ಲಿ ನರ ನೋಡ್ಲಿಕ್ಕೆ ಹೋದೆ. ಅವರು ನಗಾಡಿ, ನನ್ನ ಕೈಯನ್ನೇ ತಿರುಗಿಸಿ ಹಿಡ್ಕೊಂಡ್ರು."

ಮನೆ ಮುಟ್ಟುವವರೆಗೆ ಇಬ್ಬರೂ ಮಾತಾಡಲಿಲ್ಲ. ಅವರಿಗೆ ಅಂದು ಏಕಾದಶಿಯ ನಿಯಮವೇನೂ ಇರಲಿಲ್ಲ.

ಆ ಹಿರಿಯರು ಮಗಳಿಗೆ ಕೊಟ್ಟ ಮಾತಿನಂತೆ ಗಿಲ್‌ರಾಯ್‌ಗೆ ಹೋದರು. ಅಕ್ಕನಿಗೆ ಕೊಟ್ಟ ಮಾತಿನಂತೆ ಪ್ರತಿ ಬುಧವಾರ ಫ್ರೀವೇಯ ಟ್ರಾಫಿಕ್ಕಿನಲ್ಲಿ ಬಂದರು. ಮದುವೆ ಗಿದುವೆಯ ಮಾತು ಏಳಲಿಲ್ಲ. ಅಕ್ಕನ ಮನೆಯಲ್ಲಿ ಬುಧವಾರ ಎರಡು ತಟ್ಟೆಯ ಸದ್ದು ನನಗೆ ಗೋಡೆಯೊಳಗಿಂದ ಕೇಳುತ್ತಿತ್ತು, ಅಷ್ಟೇ. ಗಿಲ್‌ರಾಯ್ ಬೆಳ್ಳುಳ್ಳಿಗೆ ಹೆಸರಾದ ಊರು, ಅಲ್ಲಿಯ ಬೆಳ್ಳುಳ್ಳಿಯನ್ನು ಜಡೆ ಹೆಣೆದು ಅವರು ತರುತ್ತಿದ್ದರು. ನಮ್ಮಲ್ಲಿ ಬೆಳ್ಳುಳ್ಳಿ ಹಾಕುವುದಿಲ್ಲವೆಂದು ಗೊತ್ತಿದ್ದೂ ಅಕ್ಕ ಅದರಲ್ಲಿ ಒಂದನ್ನು ನನಗೆ ಕೊಡುತ್ತಿದ್ದರು. "ಗ್ಯಾರೇಜಿನಲ್ಲಿ ತೂಗುಹಾಕಿ, ಚಂದಕ್ಕೆ" ಎನ್ನುತ್ತಿದ್ದರು.

ನಮ್ಮ ಭಜನೆಯ ಗುಂಪಿನಲ್ಲಿ ಮಾತು ಹುಟ್ಟದೆ ಇರುತ್ತದೆಯೇ. ಡ್ಯಾನ್‌ವಿಲ್‌ನಿಂದ ಬರುವ ಒಬ್ಬರು ಎಲ್ಲರೆದುರಿಗೆ, "ಏನು ಅಕ್ಕಾ, ಬುಧವಾರ ಬಂದರೆ ಲಿಪ್‌ಸ್ಟಿಕ್ಕು ಅಂತೆ?" ಎಂದರು.

ಅಕ್ಕ ತಾಳ ಕೆಳಗಿಟ್ಟರು. "ಹೌದು. ನಿಮ್ಮ ಯಜಮಾನರು ಮೇಲಿನ ಕೋಣೆಯಿಂದ ಕೆಳಗೆ ಬರುದು. ಇವರು ಗಿಲ್‌ರಾಯ್‌ನಿಂದ ಬರುದು. ಅಷ್ಟು ದೂರ ಬರುವವರಿಗೆ ಅಷ್ಟಾದ್ರೂ ಬೇಡವಾ?"

ಆ ಹೆಂಗಸು ಮುಂದಿನ ಭಜನೆಯ ಪುಟ ಹುಡುಕತೊಡಗಿದರು. ನಾನು ನಗು ತಡೆಯಲಾರದೆ ಪ್ರಸಾದ ತರುವ ನೆಪದಲ್ಲಿ ಎದ್ದೆ.

ಇಂಥ ಬುಧವಾರಗಳು ಹೆಚ್ಚು ಕಾಲ ನಡೆಯಲಿಲ್ಲ. ಮೇದೋಜ್ಜೀರಕದಲ್ಲಿ ಗಡ್ಡೆ ಎಂದರು ಡಾಕ್ಟರು. ಅಕ್ಕ ತಮ್ಮ ರಿಪೋರ್ಟನ್ನು ತಾವೇ ಓದಿ ಮಡಿಸಿಟ್ಟು, ಟೆಕ್ಸಾಸಿನ ಅಣ್ಣನಿಗೆ ಫೋನು ಮಾಡುವ ಮುಂಚೆ ನಮ್ಮ ಮನೆಗೆ ಬಂದರು. ಅಂದು ಏಕಾದಶಿಯಲ್ಲ. ನಾನು ಮಾತಾಡಬಹುದಿತ್ತು. ಅಕ್ಕ ತುಟಿಯ ಮೇಲೆ ಬೆರಳಿಟ್ಟು ತೋರಿಸಿ ಸೋಫಾದ ಮೇಲೆ ಕೂತರು. ನಾನು ಬತ್ತಿ ಹೊಸೆಯುತ್ತ ಪಕ್ಕದಲ್ಲಿ ಕೂತೆ.

ಕೊನೆಯ ವಾರಗಳಲ್ಲಿ ಆಸ್ಪತ್ರೆಗೆ ನಾನು ದಿನವೂ ಹೋಗುತ್ತಿದ್ದೆ. ಆ ಹಿರಿಯರು ನನಗಿಂತ ಮುಂಚೆಯೇ ಬಂದಿರುತ್ತಿದ್ದರು. ಆಗ ಬುಧವಾರವೆಂಬ ಲೆಕ್ಕ ಇರಲಿಲ್ಲ. ಅಕ್ಕನ ಎಡಬದಿಗೆ ಕುರ್ಚಿ ಹಾಕಿಕೊಂಡು, ಅವರ ಎಡಗೈಯನ್ನು ತಮ್ಮ ಎರಡೂ ಕೈಯೊಳಗೆ ಇಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದರು. ನಾನು ಬಲಬದಿಗೆ ಕೂತು ಮೆಲ್ಲಗೆ ಸ್ತೋತ್ರ ಹೇಳುತ್ತಿದ್ದೆ. ನನ್ನ ಭಾಷೆ ಅವರಿಗೆ ಬಾರದು, ಅವರ ಇಂಗ್ಲಿಷಿಗೆ ನನ್ನದು ಸಾಲದು. ಅದರಿಂದ ಒಂದು ದಿನವೂ ತೊಂದರೆಯಾಗಲಿಲ್ಲ.

ಒಂದು ಬೆಳಿಗ್ಗೆ ರಕ್ತ ತೆಗೆಯಲು ಹೊಸ ಹುಡುಗಿ ಬಂದಳು. ಬಲಗೈ ನೋಡಿದಳು, ತಟ್ಟಿದಳು, ಮತ್ತೆ ತಟ್ಟಿದಳು. ಸಿಗಲಿಲ್ಲ. ಎಡಗೈ ಕೊಡುತ್ತೀರಾ ಎಂದು ಕೇಳಿದಳು. ಆ ಹಿರಿಯರು ಗಡಬಡಿಸಿ ಕೈ ಬಿಡಲು ಹೋದರು. ಅಷ್ಟು ಹೊತ್ತು ಕಣ್ಣು ಮುಚ್ಚಿದ್ದ ಅಕ್ಕ ಕಣ್ಣು ಬಿಟ್ಟು ಅವರ ಬೆರಳನ್ನು ಬಿಗಿಯಾಗಿ ಹಿಡಿದುಕೊಂಡರು.

"ದಿಸ್ ಒನ್ ಈಸ್ ಬಿಜಿ" ಎಂದರು ಆ ಹುಡುಗಿಗೆ.

ಆಮೇಲೆ ಬಲಗೈಯನ್ನು ತಾವೇ ಮುಂದೆ ಚಾಚಿ, ಎಲ್ಲಿ ಒತ್ತಬೇಕು, ಎಷ್ಟು ಓರೆಯಾಗಿ ಸೂಜಿ ಹಿಡಿಯಬೇಕು ಎಂದು ಮೆಲುದನಿಯಲ್ಲಿ ಅವಳಿಗೆ ಹೇಳಿಕೊಟ್ಟರು. ಹುಡುಗಿ ತಪ್ಪಿದಳು, ಸಾರಿ ಎಂದು ಮತ್ತೆ ಚುಚ್ಚಿದಳು. ಅಕ್ಕನ ಮುಖ ಸ್ವಲ್ಪವೂ ಸಿಂಡರಿಸಲಿಲ್ಲ. ಎಡಗೈಯನ್ನು ಮಾತ್ರ ಬಿಡಿಸಿಕೊಳ್ಳಲಿಲ್ಲ.